ಕೋವಿ ಒಪ್ಪಿದ ಹೆಸರು

ನಮ್ಮೂರಿನಲ್ಲಿ ಕೂಸಿಗೆ ಹೆಸರಿಡುವವರು ಅಪ್ಪನೂ ಅಲ್ಲ, ಅವ್ವನೂ ಅಲ್ಲ, ಅಜ್ಜಿಯಂತೂ ಅಲ್ಲವೇ ಅಲ್ಲ. ಅವರೇನಿದ್ದರೂ ಇಂಥ ಹೆಸರು ಬೇಕು ಅಂತ ಹೇಳಬಹುದು, ಅಷ್ಟೇ. ಒಪ್ಪಬೇಕಾದದ್ದು ಕೋವಿ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೂಗುತ್ತಾಳೆ. ಅಂಗಳದಲ್ಲಿ ನಿಂತ ಸೋದರಮಾವ ಕೋವಿಯನ್ನು ಆಕಾಶಕ್ಕೆ ಎತ್ತಿ ಅದರ ಕುದುರೆ, ಅಂದರೆ ಬೆರಳಿಗೆ ಸಿಗುವ ಕೀಲು, ಎಳೆಯುತ್ತಾನೆ. ಗುಂಡಿರುವುದಿಲ್ಲ, ಬರೀ ಮದ್ದು. ಢಂ ಅಂದರೆ ಹೆಸರು ಕೂತಿತು. ಟಿಕ್ ಅಂದು ಸುಮ್ಮನಾದರೆ ಕೋವಿಗೆ ಬೇಡವಾಯಿತು, ಬೇರೆ ಹೆಸರು ಹೇಳಬೇಕು. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಊರುಗಳಲ್ಲಿ ಒಂದೇ ಬೀದಿಗೆ ಒಂದೇ ಹೆಸರಿನವರು ನಾಲ್ಕು ಮಂದಿ ಇರುತ್ತಾರಂತೆ, ಒಬ್ಬರನ್ನು ಕೂಗಿದರೆ ನಾಲ್ವರೂ ಓ ಅನ್ನುತ್ತಾರಂತೆ. ಅದೇನು ಚೆಂದ?

ನಮ್ಮಜ್ಜಿ ಹಾಲಮ್ಮ ಈ ಊರಿಗೆ ಸೊಸೆಯಾಗಿ ಬಂದಾಗ ಊರಿಗೆಲ್ಲ ಇದ್ದದ್ದು ಒಂದೇ ಹಳೇ ಕೋವಿ. ಅದಕ್ಕೆ ಬೇಡ ಅನ್ನುವುದೇ ಗೊತ್ತಿರಲಿಲ್ಲ. ಏನು ಹೇಳಿದರೂ ಢಂ. ಅದು ಮುಪ್ಪಾಗಿ ನಳಿಗೆ ಸೀಳಿಹೋದ ಮೇಲೆ, ಕೋವಿಮನೆ ನೋಡಿಕೊಳ್ಳುವ ಫಕೀರಪ್ಪ ಬಂದರಿನ ತನಕ ಹೋಗಿ ಚೀನಾ ಕೋವಿಗಳ ಒಂದು ಪೆಟ್ಟಿಗೆಯನ್ನೇ ಹೊರಿಸಿಕೊಂಡು ಬಂದ. ಅಗ್ಗವೋ ಅಗ್ಗ. “ಇನ್ನು ಮೊಮ್ಮಕ್ಕಳ ಕಾಲಕ್ಕೂ ಚಿಂತೆ ಇಲ್ಲ” ಅಂತ ಮೀಸೆ ತಿರುವಿದ. ಪೆಟ್ಟಿಗೆ ತೆರೆದರೆ ಎಲ್ಲಾ ಕೋವಿಗಳೂ ಒಂದೇ ಬಣ್ಣ, ಒಂದೇ ಉದ್ದ. ಪ್ರತಿಯೊಂದರ ಮರದ ಹಿಡಿಯ ಮೇಲೂ ಒಂದು ಹಸಿರು ಚೀಟಿ, ಚೀಟಿಯಲ್ಲಿ ನಗುವ ಹುಡುಗಿಯ ಚಿತ್ರ. ಪರೀಕ್ಷೆ ಮಾಡಿ ಪಾಸಾದ ಮಾಲಿಗೆ ಮಾತ್ರ ಆ ಚೀಟಿ ಅಂಟಿಸುತ್ತಾರೆ ಅಂತ ಬಂದರಿನ ವ್ಯಾಪಾರಿ ಆಣೆ ಮಾಡಿ ಹೇಳಿದ್ದನಂತೆ. ಆದರೆ ಒಂದು ಕೋವಿಗೆ ಕುದುರೆಯೇ ಇರಲಿಲ್ಲ, ಅದಕ್ಕೂ ಚೀಟಿ ಇತ್ತು. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಇತ್ತು. ಹುಲ್ಲಿನ ನಡುವೆ ಸತ್ತು ಒಣಗಿದ್ದ ಜಿರಲೆಯ ಬೆನ್ನ ಮೇಲೂ ಒಂದಿತ್ತು. “ಜಿರಲೇನೂ ಪಾಸಾಗೈತೆ ನೋಡಪ್ಪ ಫಕೀರ” ಅಂತ ನಮ್ಮಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳಂತೆ.

ನಗು ಬಹಳ ದಿನ ಉಳಿಯಲಿಲ್ಲ. ಹೊರಗಿನಿಂದ ಒಂದೇ ಥರ ಕಂಡರೇನು, ಒಳಗೆ ಒಂದೊಂದರ ಬುದ್ಧಿ ಒಂದೊಂದು. ಒಂದು ಕೋವಿ, ಸೋದರತ್ತೆ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಹಾರಿಬಿಡುತ್ತಿತ್ತು. ಅದಕ್ಕೆ ಜನ ಅವಸರಗೇಡಿ ಅಂದರು. ಇನ್ನೊಂದರ ಕುದುರೆ ಎಳೆಯಲು ಇಬ್ಬರು ಮಾವಂದಿರು ಬೇಕು, ಅದು ಎಮ್ಮೆ. ಮತ್ತೊಂದು ಯಾರು ಏನೇ ಹೇಳಿದರೂ ಟಿಕ್, ಅದು ಮೂಗಿ. ಮನುಷ್ಯರ ಮಕ್ಕಳು ಹೆಸರಿಲ್ಲದೆ ತೊಟ್ಟಿಲಲ್ಲಿ ಅಳುತ್ತಿರುವಾಗ ಕೋವಿಗಳಿಗೆ ಮಾತ್ರ ಒಂದೊಂದಾಗಿ ಹೆಸರು ಬಿದ್ದವು. ಎಲ್ಲಕ್ಕಿಂತ ಫಜೀತಿ ಅಂದರೆ, ಟಿಕ್ ಅಂದು, ಎಲ್ಲರೂ ಉಸಿರು ಬಿಟ್ಟ ಮೇಲೆ, ಮರೆತದ್ದೇನೋ ನೆನಪಾದ ಹಾಗೆ ಢಂ ಅನ್ನುವ ಕೋವಿಗಳದ್ದು. ಈಡು ಹಾರಿದಾಗ ಗಾಳಿಯಲ್ಲಿ ಯಾವ ಮಾತಿದೆಯೋ ಅದೇ ಹೆಸರು ಅಂತ ಹಿರಿಯರು ಹಿಂದೆಯೇ ಕಟ್ಟಳೆ ಮಾಡಿಟ್ಟಿದ್ದರಲ್ಲ! ಹಾಗಾಗಿ ಮೂಲೆಮನೆಯ ಹುಡುಗನ ಹೆಸರು ಹೋಗ್ಲಿಬಿಡಿ. ಅವನಪ್ಪ ಪಾಪ, ಬಂದ ನೆಂಟರಿಗೆ ಸಮಾಧಾನಕ್ಕೆ ಅಂದ ಮಾತು ಅದು. ಈಗ ಬೀದಿಯಲ್ಲಿ ಜಗಳ ಹತ್ತಿಕೊಂಡರೆ ಯಾರಾದರೂ ಅವನನ್ನು ಹೆಸರು ಹಿಡಿದು ಕೂಗಿದರೆ ಸಾಕು, ಅರ್ಧ ಜಗಳ ಅಲ್ಲೇ ಇಳಿದುಹೋಗುತ್ತದೆ.

ಮೊದಲೇ ಒಂದು ಸಲ ಹಾರಿಸಿ ನೋಡಬಾರದೇ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಹೆಸರಿಲ್ಲದೆ ಈಡು ಹಾರಿಸುವುದು ನಮ್ಮಲ್ಲಿಲ್ಲ. ಇಲ್ಲ ಅಂದರೆ ಇಲ್ಲ. ಜನ ಹೇಗೋ ಹೊಂದಿಕೊಂಡರು. ಒಂದು ಕೂಸಿಗೆ ಆರೇಳು ಹೆಸರು ಯೋಚಿಸಿಟ್ಟುಕೊಳ್ಳುವುದು ರೂಢಿಯಾಯಿತು. ಅತ್ತೆ ಹಟ ಹಿಡಿದು ತನ್ನ ಮನೆತನದ ಹಳೇ ಹೆಸರನ್ನು ಹೇಳಿಸುವುದಾದರೆ, ಸೊಸೆ ಗುಟ್ಟಾಗಿ ತವರಿಗೆ ಹೇಳಿಕಳಿಸುತ್ತಿದ್ದಳು. ಕೋವಿ ತರುವವನು ಅವಳ ಅಣ್ಣತಮ್ಮನೇ ತಾನೇ, ಅವನು ಕೋವಿಮನೆಗೆ ಹೋಗಿ ಮೂಗಿಯನ್ನೇ ಎತ್ತಿಕೊಂಡು ಬರುತ್ತಿದ್ದ. ಅತ್ತೆಯ ಹೆಸರು ಟಿಕ್ ಅಂದ ಮೇಲೆ ಬೇರೆ ಕೋವಿ ತಂದರಾಯಿತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮಜ್ಜಿಗೆ ಒಬ್ಬಳು ಅಕ್ಕ ಇದ್ದಳು, ಕೆಂಚವ್ವ ಅಂತ. ಅಜ್ಜಿಯನ್ನು ಹೆತ್ತ ತಾಯಿ ಬಾಣಂತಿತನದಲ್ಲೇ ತೀರಿಕೊಂಡಾಗ ಈ ಕೆಂಚವ್ವ ತಾನೇ ಇನ್ನೂ ಲಂಗ ಹಾಕುವ ಹುಡುಗಿ. ತಂಗಿಯನ್ನು ಸೊಂಟದಿಂದ ಕೆಳಗೆ ಇಳಿಸದೆ ಸಾಕಿದವಳು ಅವಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಅಜ್ಜಿಯ ಮಕ್ಕಳಿಗೆಲ್ಲ ಹೆಸರಿಟ್ಟಾದ ಮೇಲೆ, ಒಂದು ಫೋಟೋ ಸಹ ತೆಗೆಸಿಕೊಳ್ಳದೆ ಹೋಗಿಬಿಟ್ಟಳು. “ನಾನು ಕಣ್ಣು ಮುಚ್ಚಿದ ಮೇಲೆ ಕೆಂಚವ್ವ ಅಂತ ಬಾಯಿ ತೆಗೆಯೋರು ಭೂಮಿ ಮೇಲೆ ಒಬ್ಬರೂ ಇರಲ್ಲ” ಅಂತ ಅಜ್ಜಿ ಹೇಳುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ. ಆ ಹೆಸರು ಮನೆಯಲ್ಲಿ ಓಡಾಡಿಕೊಂಡಿರಬೇಕು, ಊಟಕ್ಕೆ ಕರೆಸಿಕೊಳ್ಳಬೇಕು, ಬೈಸಿಕೊಳ್ಳಬೇಕು.

ನನ್ನ ದೊಡ್ಡಕ್ಕ ಹುಟ್ಟಿದಾಗ ಕೆಂಚವ್ವ ಅಂದರು, ಟಿಕ್. ಕೊನೆಗೆ ವಸಂತ ಅನ್ನುವುದಕ್ಕೆ ಢಂ ಅಂದಿತು. ಎರಡನೆಯವಳು ಹುಟ್ಟಿದಾಗ ಮತ್ತೆ ಕೆಂಚವ್ವ ಅಂದರು, ಮತ್ತೆ ಟಿಕ್. ಅಜ್ಜಿ ಹಣೆ ಚಚ್ಚಿಕೊಂಡು “ಅಯ್ಯೋ ದೇವ್ರೇ” ಅಂದಳು ನೋಡಿ, ಢಂ! ನನ್ನ ಎರಡನೇ ಅಕ್ಕನ ಹೆಸರು ಅಯ್ಯೋದೇವ್ರೇ. ಅವಳು ಶಾಲೆಗೆ ಸೇರಿದ ಮೇಲೆ ಮೇಷ್ಟ್ರು ಹಾಜರಿ ಕೂಗುವಾಗ ದಾರಿಯಲ್ಲಿ ಹೋಗುವವರು ಏನಾಯ್ತೋ ಅಂತ ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು.

ಮೂರನೆಯವಳು ನಾನು. ಕಟ್ಟಳೆ ಏನೆಂದರೆ, ಒಂದು ಮನೆಯ ಮೂರು ಕೂಸುಗಳಿಗೆ ಬೇಡವಾದ ಹೆಸರನ್ನು ಆ ಮನೆಯವರು ಇನ್ನು ಯಾವ ಕೂಸಿಗೂ ಹೇಳುವಂತಿಲ್ಲ. ನನಗೂ ಟಿಕ್ ಅಂದರೆ ಕೆಂಚವ್ವನ ಕಥೆ ಮುಗಿದ ಹಾಗೆ. ಅಜ್ಜಿಗೆ ಅನ್ನ ಸೇರದಾಯಿತು. ನಮ್ಮವ್ವ ಶಶಿರೇಖೆಗೆ ಆ ಹೆಸರು ಅಷ್ಟೇನೂ ಹಿಡಿಸಿರಲಿಲ್ಲ. “ಅತ್ತೇ, ಈ ಕಾಲದಲ್ಲಿ ಕೆಂಚವ್ವ ಅಂದ್ರೆ ಹುಡುಗರು ಆಡಿಕೊಳ್ಳಲ್ವಾ?” ಅಂದಳು. “ಅಯ್ಯೋದೇವ್ರೇ ಅನ್ನೋದಕ್ಕಿಂತ ಜಾಸ್ತಿ ಆಡಿಕೊಳ್ತಾರಾ?” ಅಂದಳು ಅಜ್ಜಿ. ಅವ್ವ ಅತ್ತೆಯ ಮುಖ ನೋಡಿ, “ಆಯ್ತು ಬಿಡಿ, ನನ್ನ ತಮ್ಮನಿಗೆ ಮೂಗಿ ತರಬೇಡ ಅಂತ ನಾನೇ ಹೇಳ್ತೀನಿ” ಅಂದಳು.

ಅಜ್ಜಿ ಯಾರನ್ನೂ ನಂಬಲಿಲ್ಲ. ತಾನೇ ಕೋವಿಮನೆಗೆ ಹೋಗಿ ಸೆರಗು ಸಿಕ್ಕಿಸಿ ನಿಂತಳು. “ಫಕೀರಪ್ಪ, ಇನ್ನೂ ಯಾರೂ ಮುಟ್ಟದ ಕೋವಿ ಎಷ್ಟವೆ, ಎಲ್ಲಾ ಈಚೆ ಇಡು.” ಫಕೀರಪ್ಪ ನಕ್ಕ. “ಎಲ್ಲಾ ಒಂದೇ ಮಾಲು ಹಾಲಜ್ಜಿ. ಯಾವುದಾದ್ರೇನು?” ಅಜ್ಜಿ ಬಿಡಲಿಲ್ಲ. “ಒಂದೇ ಕೈ ತಟ್ಟಿದ ರೊಟ್ಟಿ ಎಲ್ಲಾ ಒಂದೇ ಥರ ಬರ್ತಾವೇನೋ? ಒಂದು ಉಬ್ಬುತ್ತೆ, ಒಂದು ಹರಿಯುತ್ತೆ, ಒಂದು ಸೀಯುತ್ತೆ. ಕೋವಿ ಮಾಡೋರೂ ಮನುಷ್ಯರೇ. ಬೆಳಿಗ್ಗೆ ಮನಸಿಟ್ಟು ಮಾಡಿರ್ತಾರೆ. ಸಂಜೆ ಆಯ್ತು ಅಂದ್ರೆ ಮನೇಲಿ ಕೂಸು ಅಳ್ತಿರುತ್ತೆ, ಒಲೆ ಹಚ್ಚಬೇಕು, ಕೈ ಅವಸರ ಮಾಡುತ್ತೆ. ಅವರನ್ನ ಬೈಯೋಕಾಗುತ್ತಾ? ನನಗೆ ಬೆಳಗಿನ ಹೊತ್ತು ಮಾಡಿದ ಕೋವಿ ಬೇಕು.”

“ಅದು ಹೆಂಗೆ ಗೊತ್ತಾಗುತ್ತಜ್ಜಿ?”

“ಚೀಟಿ ನೋಡೋ ದಡ್ಡ. ಸೊಟ್ಟ ಅಂಟಿಸಿದ್ದು ಸಂಜೇದು. ನೆಟ್ಟಗಿರೋದು ಬೆಳಗಿಂದು.”

ಫಕೀರಪ್ಪನಿಗೆ ಈ ವಿದ್ಯೆ ಹೊಳೆದೇ ಇರಲಿಲ್ಲ. ಇಬ್ಬರೂ ಕೂತು ಒಂದೊಂದೇ ಕೋವಿ ತಿರುವಿ ನೋಡಿದರು. ಒಂದರಲ್ಲಿ ಚೀಟಿಯ ಹುಡುಗಿ ತಲೆಕೆಳಗಾಗಿ ನಗುತ್ತಿದ್ದಳು. ಒಂದರಲ್ಲಿ ಅರ್ಧ ಮುಖವೇ ಇಲ್ಲ. ಕೊನೆಗೆ ಒಂದು ಸಿಕ್ಕಿತು. ಚೀಟಿಯ ನಾಲ್ಕು ಮೂಲೆಯೂ ಒಪ್ಪವಾಗಿ, ಒಂದು ಗುಳ್ಳೆಯಿಲ್ಲದೆ, ಹುಡುಗಿ ನೇರವಾಗಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. “ಇದು ಹೊತ್ತು ಹುಟ್ಟೋವಾಗ ಮಾಡಿದ್ದು” ಅಂತ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿಯೇ ಬಂದಳು. ಆವತ್ತು ಎರಡು ರೊಟ್ಟಿ ಜಾಸ್ತಿ ತಿಂದಳಂತೆ.

ಹೆಸರಿಡುವ ದಿನ ನಾನು ತೊಟ್ಟಿಲಲ್ಲಿದ್ದವಳು, ಕಂಡದ್ದೇನೂ ಇಲ್ಲ. ಆದರೆ ಬೀದಿಯವರೆಲ್ಲ ಈ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಾರೆ ಅಂದರೆ, ನಾನೇ ಎದ್ದು ಕೂತು ನೋಡಿದ ಹಾಗಿದೆ. ಒಳಗೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಅವ್ವನ ತಮ್ಮ ರುದ್ರೇಶ ಮಾವ ಹೊಸ ಅಂಗಿ ಹಾಕಿ ಅಂಗಳದ ನಡುವೆ ಕೋವಿ ಎತ್ತಿ ನಿಂತ. ಅಪ್ಪನ ತಂಗಿ ದಾಕ್ಷಿ ಅತ್ತೆ ನನ್ನ ಕಿವಿಗೆ ಬಾಯಿಟ್ಟು, ಆಮೇಲೆ ಎದ್ದು ನಿಂತು “ಕೆಂಚವ್ವಾ!” ಅಂತ ಕೂಗಿದಳು. ಮಾವ ಕುದುರೆ ಎಳೆದ.

ಟಿಕ್.

ಯಾರೂ ಬಾಯಿ ಬಿಡಲಿಲ್ಲ. ಅಯ್ಯೋದೇವ್ರೇ ಅನ್ನುವ ಮಗಳು ಕಣ್ಣೆದುರೇ ನಿಂತಿರುವಾಗ ಯಾರಿಗೆ ಧೈರ್ಯ? ಫಕೀರಪ್ಪ ಮೆಲ್ಲಗೆ ಹತ್ತಿರ ಬಂದು, ಕೋವಿ ಇಳಿಸಿಕೊಂಡು ಮದ್ದು ತೆಗೆಯಲು ಕೈ ಚಾಚಿದ. “ಮುಟ್ಟಿದ್ರೆ ನೋಡು!” ಅಂತ ಅಜ್ಜಿ ಅಂದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. “ಕಟ್ಟಳೆ ಹೇಳು ಫಕೀರಪ್ಪ. ಕೋವಿ ಬೇಡ ಅಂತು ಅನ್ನೋದು ಯಾವಾಗ?” ಅವನು ತಲೆ ಕೆರೆದುಕೊಂಡು, “ಕೋವಿ ಕೆಳಗಿಳಿದ ಮೇಲಜ್ಜಿ” ಅಂದ. “ಇಳಿದೈತಾ?” “ಇನ್ನೂ ಇಲ್ಲ.” “ಮತ್ತೆ? ಅದು ಬೇಡ ಅಂದಿಲ್ಲ. ಯೋಚನೆ ಮಾಡ್ತೈತೆ. ರುದ್ರೇಶಿ, ಕೈ ಇಳಿಸಬೇಡ” ಅಂದವಳೇ ಅಜ್ಜಿ ಶುರು ಮಾಡಿದಳು. “ಕೆಂಚವ್ವ. ಕೆಂಚವ್ವ. ಕೆಂಚವ್ವ.”

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಕೋವಿ ಯಾವಾಗ ಬೇಕಾದರೂ ಹಾರಲಿ, ಹಾರಿದಾಗ ಗಾಳಿಯಲ್ಲಿ ಆ ಹೆಸರಿದ್ದರೆ ಆಯಿತಲ್ಲ! ಮೊದಮೊದಲು ಜನ ಪಿಳಿಪಿಳಿ ನೋಡಿದರು. ರುದ್ರೇಶ ಮಾವನ ತೋಳು ನಡುಗತೊಡಗಿತು. ಒರಳುಕಲ್ಲಿನಲ್ಲಿ ಮರಳು ತುಂಬಿಸಿ, ಕೋವಿಯನ್ನು ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದರು. ಕೆಳಗಿಳಿದ ಹಾಗಾಯಿತೇ ಅಂತ ಫಕೀರಪ್ಪನನ್ನು ಕಣ್ಣಲ್ಲೇ ಕೇಳಿದರು. ಅವನು ಸುತ್ತ ಬಂದು ನೋಡಿ, ಇಲ್ಲ ಅಂತ ತಲೆ ಆಡಿಸಿದ. ಆಮೇಲೆ ಎಲ್ಲರನ್ನೂ ಒರಳಿನಿಂದ ದೂರ ಕೂರಿಸಿದ.

ಬರೀ ಹೆಸರು ಹೇಳಿ ಹೇಳಿ ಅಜ್ಜಿಗೆ ಬೇಜಾರಾಗಿರಬೇಕು. ಅದಕ್ಕೆ ಕಥೆ ಕಟ್ಟತೊಡಗಿದಳು, ಪ್ರತಿ ಮಾತಿಗೂ ಆ ಹೆಸರು ಸೇರಿಸಿ. “ಕೆಂಚವ್ವ ಯಾವತ್ತೂ ತಡ. ಬಾರೇ ಕೆಂಚವ್ವ ಅಂದ್ರೆ, ಬಂದೆ ಬಂದೆ ಅಂತ ಒಳಗಿಂದ್ಲೇ ಅನ್ನೋಳು ಕೆಂಚವ್ವ. ಅವಳ ಮದುವೇಲಿ ಮುಹೂರ್ತ ಮೀರಿ ಹೋಯ್ತು, ಕೆಂಚವ್ವ ಎಲ್ಲಿ? ಹಿತ್ತಲಲ್ಲಿ ಬೆಕ್ಕಿನ ಮರಿಗೆ ಹಾಲು ಹಾಕ್ತಾ ಕೂತಾಳೆ ಕೆಂಚವ್ವ!” ಜನ ಕಿಸಕ್ಕನೆ ನಕ್ಕರು, ನಗುವುದಕ್ಕೆ ಅಡ್ಡಿಯಿರಲಿಲ್ಲ. ಅಜ್ಜಿ ನೀರು ಕುಡಿಯುವಾಗ ದಾಕ್ಷಿ ಅತ್ತೆ ಹೆಸರು ಹಿಡಿದಳು. ದಾಕ್ಷಿ ಅತ್ತೆಗೆ ಕೆಮ್ಮು ಬಂದರೆ ನಮ್ಮವ್ವ ಹಿಡಿದಳು. ಹುಡುಗರು ಆಡಿಕೊಳ್ಳುತ್ತಾರೆ ಅಂದವಳೇ ತೊಟ್ಟಿಲು ತೂಗುತ್ತ ಕೆಂಚವ್ವ ಕೆಂಚವ್ವ ಅಂತ ಜೋಗುಳವನ್ನೇ ಕಟ್ಟಿಬಿಟ್ಟಳು.

ಹಸಿವಾಯಿತು. ಎಲೆ ಹಾಕಿದರು. ಪಂಕ್ತಿ ಪಂಕ್ತಿಯಾಗಿ ಜನ ಮಾತಿಲ್ಲದೆ ಉಂಡರು, ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳಿದರು. ಹೋಗ್ಲಿಬಿಡಿಯ ಅಪ್ಪ ಮರೆತು “ಸಾರು” ಅಂದುಬಿಟ್ಟ. ಎಡಕ್ಕಿದ್ದವರು ಬಲಕ್ಕಿದ್ದವರು ಒಟ್ಟಿಗೆ ಅವನ ಬಾಯಿ ಮುಚ್ಚಿದರು. ನಾನು ಸಾರು ಆಗುವುದು ಕೂದಲೆಳೆಯಲ್ಲಿ ತಪ್ಪಿತು. ಸುದ್ದಿ ಹಬ್ಬಿ ಪಕ್ಕದ ಬೀದಿಯವರೂ ಬಂದರು. ಬಂದವರೆಲ್ಲ ಚಪ್ಪಲಿ ಬಿಟ್ಟು, ಒಂದು ಸರತಿ ಕೆಂಚವ್ವ ಅಂದು, ಹುಗ್ಗಿ ಉಂಡು ಕೂತರು. ಆ ಹೆಣ್ಣುಮಗಳನ್ನು ಕಂಡಿರದವರೆಲ್ಲ ಸಂಜೆ ಹೊತ್ತಿಗೆ ಅವಳನ್ನು ಬಲ್ಲವರಾಗಿಬಿಟ್ಟಿದ್ದರು. ಅವಳಿಗೆ ಹುಣಸೆಹಣ್ಣು ಇಷ್ಟ, ಕಪ್ಪೆ ಅಂದರೆ ಭಯ, ಅತ್ತರೆ ಮೂಗು ಕೆಂಪಾಗುತ್ತದೆ ಅಂತ ಎಲ್ಲರಿಗೂ ಗೊತ್ತಾಗಿಹೋಯಿತು.

ಕೋವಿ ಮಾತ್ರ ಒರಳಲ್ಲಿ ನಿಂತೇ ಇತ್ತು. ದೀಪ ಹಚ್ಚುವ ಹೊತ್ತಾಯಿತು. ಅಜ್ಜಿಯ ಗಂಟಲು ಕಟ್ಟಿಕೊಂಡು ಬಂತು. ಫಕೀರಪ್ಪ ಅವಳನ್ನೂ ಕೋವಿಯನ್ನೂ ನೋಡುತ್ತ ಕಣ್ಣೊರೆಸಿಕೊಂಡ. ಇನ್ನೊಂದೇ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ ಅಂತ ಅಜ್ಜಿ ಕೈಸನ್ನೆ ಮಾಡಿ ಎದ್ದು ನಿಂತಳು. “ನನ್ನ ಮದುವೆ ಮಾಡಿ ಈ ಊರಿಗೆ ಕಳಿಸೋ ದಿನ, ಎಲ್ಲಾರೂ ಬಂದ್ರು, ಕೆಂಚವ್ವ ಇಲ್ಲ. ಬಸ್ಸು ಹೊರಟೇಬಿಡ್ತು, ಕೆಂಚವ್ವ ಇಲ್ಲ. ನಾನು ಕಿಟಕೀಲಿ ಮುಖ ಇಟ್ಟು ಅಳ್ತಾ ಕೂತಿದ್ದೆ. ಊರು ದಾಟೋವಾಗ ತಿರುಗಿ ನೋಡ್ತೀನಿ, ಓಡಿ ಬರ್ತಾವ್ಳೆ ಕೆಂಚವ್ವ! ತಲೆ ಬಿಚ್ಚಿಹೋಗೈತೆ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಹಿಂಗೆ ಕೈ ಬಾಯಿಗಿಟ್ಟು ಕೂಗ್ತಾಳೆ...” ಅಜ್ಜಿ ಎರಡೂ ಕೈ ಬಾಯಿಗೆ ಇಟ್ಟಳು. ಕಟ್ಟಿದ ಗಂಟಲು ಎಲ್ಲಿ ಬಿಟ್ಟಿತೋ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು. “ಮಂಡಕ್ಕೀ!”

ಢಂ!

ಬೇವಿನ ಮರದ ಕಾಗೆಗಳೆಲ್ಲ ಎದ್ದವು. ನಾನು ಕಿರ್ ಅಂತ ಅಳತೊಡಗಿದೆ. ಮರಳಿನಿಂದ ಹೊಗೆ ಎದ್ದು ನಿಧಾನಕ್ಕೆ ಮೇಲೆ ಹೋಯಿತು. ದಾಕ್ಷಿ ಅತ್ತೆಯೇ ಕೊನೆಗೆ ಮೆಲ್ಲಗೆ, “ಅವ್ವಾ, ಮಂಡಕ್ಕಿ ಅಂದ್ರೆ ಯಾರು?” ಅಂದಳು.

ಅಜ್ಜಿಯ ಕೈ ಇನ್ನೂ ಬಾಯಿಯ ಹತ್ತಿರವೇ ಇತ್ತು. “ನಾನೇ ಕಣೆ” ಅಂದಳು. “ಅವಳ ಸೊಂಟದ ಮೇಲೆ ಕೂತರೆ ಬಾಣಲೀಲಿ ಮಂಡಕ್ಕಿ ಸಿಡಿದಂಗೆ ಪುಟಪುಟ ಅಂತ ಕುಣೀತಿದ್ದೆನಂತೆ. ಅದಕ್ಕೆ ಅವಳು ಹಂಗೆ ಕರೆಯೋಳು. ಅವಳೊಬ್ಬಳೇ ಕರೆಯೋಳು. ಅವಳು ಹೋದ ಮೇಲೆ ಆ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ.” ಅಳುತ್ತಾಳೋ ಏನೋ ಅಂತ ನಮ್ಮವ್ವ ಓಡಿಬಂದು ಅವಳ ತೋಳು ಹಿಡಿದಳು. ಹೋಗ್ಲಿಬಿಡಿ ಆಗ ಚಿಕ್ಕವನು, ಅವನಿಗೆ ಕಥೆಯದೇ ಚಿಂತೆ. “ಅಜ್ಜೀ, ಬಸ್ಸು ನಿಂತಿತಾ?” ಅಂತ ಕೇಳಿದ.

“ನಿಂತಿತು ಮಗಾ” ಅಂದಳು ಅಜ್ಜಿ. ಅಂದು, ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಹತ್ತಿ ಬಂದು ನನ್ನ ತಬ್ಬಿಕೊಂಡ್ಲು. ಯಾವತ್ತೂ ತಡವಾಗೇ ಬರೋಳು, ಆದ್ರೆ ಬರದೇ ಇದ್ದೋಳಲ್ಲ. ಇವತ್ತೂ ಬಂದ್ಲು ನೋಡ್ರೋ! ಬೆಳಗಿಂದ ಕರೆದ್ರೆ ದೀಪ ಹಚ್ಚೋ ಹೊತ್ತಿಗೆ ಬಂದ್ಲು. ಬಂದು ನನ್ನೇ ಕೂಗಿದ್ಲು.”

ಫಕೀರಪ್ಪ ಒರಳಿನಿಂದ ಕೋವಿ ಎತ್ತಿ, ಬಿಸಿಯಾಗಿದ್ದ ನಳಿಗೆಗೆ ಬಟ್ಟೆ ಸುತ್ತಿದ. ಹೇಳಬೇಕಾದದ್ದನ್ನು ಹೇಳಲೇಬೇಕಲ್ಲ, ಅವನ ಕೆಲಸ ಅದು. “ಹಾಲಜ್ಜಿ, ಕೂಸಿನ ಹೆಸರು ಮಂಡಕ್ಕಿ. ಆದ್ರೆ ಇದು ಮೂರನೇದು. ಇನ್ನು ಈ ಮನೇಲಿ ಯಾವ ಕೂಸಿಗೂ ಕೆಂಚವ್ವ ಅಂತ...” ಅಂದು ಅರ್ಧಕ್ಕೇ ನಿಲ್ಲಿಸಿದ.

“ಕೂಸಿಗೆ ತಾನೇ?” ಅಂದಳು ಅಜ್ಜಿ. “ಕೋವಿಗೆ ಇಡಬಾರದು ಅಂತ ಕಟ್ಟಳೆ ಐತಾ?”

ಫಕೀರಪ್ಪ ಕೋವಿಯನ್ನು ನೋಡಿದ. ಚೀಟಿಯ ಮೇಲೆ ಆ ಹುಡುಗಿ ಕುಂಕುಮ ಇಟ್ಟುಕೊಂಡು ನಗುತ್ತಿದ್ದಳು. ಅಷ್ಟು ಒಪ್ಪವಾಗಿ ಚೀಟಿ ಅಂಟಿಸುತ್ತ ಕೂತವರಿಗೆ ಒಳಗಿನ ಸ್ಪ್ರಿಂಗನ್ನು ಸರಿಯಾಗಿ ಕೂರಿಸಲು ಹೊತ್ತೇ ಸಾಲದೆ ಹೋಗಿರಬೇಕು ಅಂತ ಈಗ ಎಲ್ಲರಿಗೂ ಅರ್ಥವಾಗಿತ್ತು. “ಐತಾ ಅಂದ್ರೆ... ಇಲ್ಲ ಅಜ್ಜಿ” ಅಂದ ಫಕೀರಪ್ಪ. ಅಂಗಳವೆಲ್ಲ ಹೋ ಅಂದಿತು. ಬೆಳಗಿನಿಂದ ಮಾತು ಕಟ್ಟಿಕೊಂಡಿದ್ದ ಜನ ಒಟ್ಟಿಗೆ ಮಾತಾಡತೊಡಗಿದರು. ಹೋಗ್ಲಿಬಿಡಿಯ ಅಪ್ಪನಿಗೆ ಕೊನೆಗೂ ಸಾರು ಸಿಕ್ಕಿತು.

ಆಮೇಲೆ ಊರಿನವರು ಒಳ್ಳೇ ಕೋವಿಗೆ ಹುಡುಕಾಡುವುದನ್ನೇ ಬಿಟ್ಟ ಹಾಗೆ ಕಾಣುತ್ತದೆ. ಈಗ ಹೆಸರಿಡುವ ಮನೆಯವರೆಲ್ಲ ಕೇಳುವುದು ಕೆಂಚವ್ವನನ್ನೇ. ಢಂ ಅಂತ ಒಂದೇ ಏಟಿಗೆ ಮುಗಿಸಿ, ಉಂಡು ಎದ್ದುಹೋಗುವುದರಲ್ಲಿ ಏನು ಸುಖ? ಕೆಂಚವ್ವ ಬಂದಳು ಅಂದರೆ ಬೀದಿಗೆ ಬೀದಿಯೇ ಸಂಜೆ ತನಕ ಕೂರಬೇಕು. ಕೂಸಿಗೆ ಯಾರ ಹೆಸರಿಡುತ್ತಾರೋ ಅವರ ಕಥೆಯನ್ನೆಲ್ಲ ಹೇಳಬೇಕು, ಹೆಸರನ್ನು ಕೆಳಗೆ ಬೀಳಲು ಬಿಡಬಾರದು. ಬೆಳಿಗ್ಗೆ ಬೀದಿಯ ಈ ತುದಿಯಿಂದ “ಕೆಂಚವ್ವ ಬಂದ್ಲಾ?” ಅಂತ ಯಾರೋ ಕೂಗುತ್ತಾರೆ. ಕೋವಿಮನೆಯಿಂದ ಫಕೀರಪ್ಪ “ಬಂದ್ಲು, ಬಂದ್ಲು!” ಅನ್ನುತ್ತಾನೆ. ಕಟ್ಟೆಯ ಮೇಲೆ ಕೂತ ನಮ್ಮಜ್ಜಿ, “ಸುಳ್ಳು, ಇನ್ನೂ ತಲೆ ಬಾಚ್ತಿರ್ತಾಳೆ” ಅನ್ನುತ್ತಾಳೆ.

ಬೇರೆ ಊರುಗಳಲ್ಲಿ ಒಬ್ಬರನ್ನು ಕರೆದರೆ ನಾಲ್ವರು ಓ ಅನ್ನುತ್ತಾರೆ, ಅದೇನು ಚೆಂದ ಅಂತ ಮೊದಲಿಗೆ ನಾನೇ ಅಂದೆನಲ್ಲ, ಆ ಮಾತನ್ನು ವಾಪಸ್ಸು ತಗೊಳ್ಳುತ್ತೇನೆ. ಸಂಜೆ ಹೊತ್ತು ನಮ್ಮ ಬಾಗಿಲಲ್ಲಿ ನಿಂತು ಯಾರಾದರೂ ಮಂಡಕ್ಕೀ ಅಂತ ಕೂಗಲಿ. ಒಳಗಿನಿಂದ ಇಬ್ಬರೂ ಓ ಅನ್ನುತ್ತೇವೆ, ಯಾವಾಗಲೂ ನನಗಿಂತ ಮೊದಲು ಅಜ್ಜಿ.